ನೀರಿನ ಪೈ: ಮೊಟ್ಟೆ, ಹಾಲು, ಹಣ್ಣು ಇಲ್ಲದ ದಿನಕ್ಕೆ ಒಂದು ಹಳೇ ಸಿಹಿ

"ನೀರು ಹಾಕಿ ಪೈ ಮಾಡ್ತಾರಂತೆ, ನಿಜಾನಾ? ನಮ್ಮ ಮನೆಯ ಚಿಕ್ಕ ಓವನ್‌ನಲ್ಲಿ ಆಗುತ್ತಾ? ಮೊಟ್ಟೆ ಬೇಡ್ವಾ?" ಈ ಮೂರು ಪ್ರಶ್ನೆಗಳನ್ನು ಓದುಗರು ಮತ್ತೆ ಮತ್ತೆ ಕೇಳುತ್ತಲೇ ಇದ್ದಾರೆ. ವೀಡಿಯೊ ನೋಡಿ ಮಾಡಲು ಹೋಗಿ, ಕೊನೆಗೆ ತಟ್ಟೆಯಲ್ಲಿ ಸಕ್ಕರೆ ನೀರೇ ಉಳಿಯಿತು ಎಂದು ಬರೆದವರೂ ಇದ್ದಾರೆ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದುಬಿಡುತ್ತೇನೆ. ಪೈ ಎಂದರೆ ಹಿಟ್ಟಿನ ಬಟ್ಟಲಿನೊಳಗೆ ಸಿಹಿ ತುಂಬಿ ಓವನ್‌ನಲ್ಲಿ ಬೇಯಿಸುವ ತಿಂಡಿ. ಹೌದು, ನೀರೇ. ಚಿಕ್ಕ ಓವನ್‌ನಲ್ಲೂ ಆಗುತ್ತದೆ. ಮೊಟ್ಟೆ ಬೇಡ, ಹಾಲೂ ಬೇಡ, ಹಣ್ಣೂ ಬೇಡ. ಮೈದಾ, ಸಕ್ಕರೆ, ಬೆಣ್ಣೆ, ನೀರು, ಸ್ವಲ್ಪ ವೆನಿಲಾ ಸಾಕು.

ಒಂದು ಮಾತು ಮಾತ್ರ ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಿ. ಈ ಪೈ ಬೇಯುವುದು ಓವನ್‌ನಲ್ಲಿ, ಆದರೆ ಪೈ ಆಗುವುದು ತಣ್ಣಗಾಗುವಾಗ. ಓವನ್‌ನಿಂದ ಹೊರಗೆ ಬಂದಾಗ ಅದು ನೀರಾಗಿಯೇ ಕಾಣುತ್ತದೆ. ಕೆಟ್ಟುಹೋಯಿತು ಎಂದು ಹೆಚ್ಚಿನವರು ಕೈಬಿಡುವುದು ಇಲ್ಲೇ. ಕೆಟ್ಟಿರುವುದಿಲ್ಲ, ಕಾಯಬೇಕು ಅಷ್ಟೇ.

ಇದು ಎಲ್ಲಿಯ ಅಡುಗೆ?

ಅಮೆರಿಕದ್ದು. 1929ರ ಅಕ್ಟೋಬರ್‌ನಲ್ಲಿ ಅಲ್ಲಿನ ಷೇರು ಪೇಟೆ ಕುಸಿದು, ಮುಂದಿನ ವರ್ಷಗಳಲ್ಲಿ ಬ್ಯಾಂಕುಗಳು ಮುಚ್ಚಿ, 1933ರ ಹೊತ್ತಿಗೆ ದುಡಿಯುವವರಲ್ಲಿ ನಾಲ್ವರಲ್ಲಿ ಒಬ್ಬರಿಗೆ ಕೆಲಸ ಇರಲಿಲ್ಲ. ಆ ಮಹಾ ಆರ್ಥಿಕ ಕುಸಿತದ ಕಾಲದೊಂದಿಗೆ ನೀರಿನ ಪೈ ಹೆಸರು ಅಂಟಿಕೊಂಡಿದೆ. ಇಂಥ ಪೈಗಳದ್ದೇ ಒಂದು ಕುಟುಂಬ ಇದೆ, ಅವನ್ನು ಅಲ್ಲಿ 'ಡೆಸ್ಪರೇಶನ್ ಪೈ' ಎನ್ನುತ್ತಾರೆ, ಅಂದರೆ ಬೇರೆ ಗತಿಯಿಲ್ಲದಾಗ ಮಾಡುವ ಪೈ. ನಿಂಬೆಹಣ್ಣು ಸಿಗದಿದ್ದರೆ ವಿನೆಗರ್ ಪೈ. ಸೇಬು ಇಲ್ಲದಿದ್ದರೆ ಉಪ್ಪು ಬಿಸ್ಕೆಟ್ ನೆನೆಸಿ ಮಾಡಿದ ಹುಸಿ ಸೇಬಿನ ಪೈ. ಪೆನ್ಸಿಲ್ವೇನಿಯಾದಲ್ಲಿ ಕಾಕಂಬಿಯ ಶೂಫ್ಲೈ ಪೈ, ಇಂಡಿಯಾನಾದಲ್ಲಿ ಸಕ್ಕರೆ ಮತ್ತು ಕೆನೆಯ ಪೈ. ಇವುಗಳಲ್ಲಿ ಕೆಲವು 1929ಕ್ಕಿಂತ ಎಷ್ಟೋ ಹಳೆಯವು. ಚಳಿಗಾಲ ಮುಗಿಯುವ ಹೊತ್ತಿಗೆ ಕೂಡಿಟ್ಟ ಹಣ್ಣೆಲ್ಲ ಖಾಲಿ. ಡಬ್ಬದಲ್ಲಿ ಇದ್ದದ್ದರಲ್ಲೇ ಮನೆಯವರಿಗೆ ಒಂದು ಸಿಹಿ ಮಾಡಬೇಕಿತ್ತು.

ಬಡತನದ ಅಡುಗೆ ಎಂದ ಮಾತ್ರಕ್ಕೆ ರುಚಿ ಕಡಿಮೆ ಎಂದುಕೊಳ್ಳಬೇಡಿ. ಬೆಣ್ಣೆ ಮಿಠಾಯಿ ಕರಗಿಸಿ ಮೆತ್ತಗೆ ಹೆಪ್ಪುಗಟ್ಟಿಸಿದರೆ ಹೇಗಿರುತ್ತದೋ ಹಾಗಿರುತ್ತದೆ. ನಮ್ಮ ಹಾಲುಬಾಯಿ ಗೊತ್ತಲ್ವಾ? ಬಿಸಿಯಲ್ಲಿ ಮುದ್ದೆಯಾಗಿದ್ದದ್ದು ತಟ್ಟೆಯಲ್ಲಿ ತಣ್ಣಗಾದ ಮೇಲೆ ತುಂಡು ಮಾಡಲು ಬರುತ್ತದೆ. ಇದೂ ಅದೇ ದಾರಿ. ಆದರೆ ಇದು ಹಾಲುಬಾಯಿಗಿಂತ ಮೆತ್ತಗೆ, ನುಣುಪು, ಸ್ವಲ್ಪ ಪಾರದರ್ಶಕ.

ನೀರು ಗಟ್ಟಿಯಾಗುವುದು ಹೇಗೆ?

ಇದನ್ನು ಓದದೆ ಮುಂದೆ ಹೋಗಬೇಡಿ, ಎಡವುವುದೆಲ್ಲ ಇದು ಗೊತ್ತಿಲ್ಲದೆ. ಮೈದಾದಲ್ಲಿ ಗಂಜಿಯ ಅಂಶ ಇದೆ. ಬಿಸಿ ನೀರಿನಲ್ಲಿ ಅದರ ಕಣಗಳು ನೀರು ಹೀರಿ ಉಬ್ಬುತ್ತವೆ, ನೀರು ದಪ್ಪಗಾಗುತ್ತದೆ. ತಣ್ಣಗಾದಾಗ ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತದೆ. ಅನ್ನದ ಗಂಜಿ ಆರಿದ ಮೇಲೆ ಹೆಪ್ಪಿನ ಹಾಗೆ ನಿಲ್ಲುತ್ತದಲ್ಲ, ಅದೇ. ಆದರೆ ಸಕ್ಕರೆ ಜಾಸ್ತಿ ಇದ್ದಾಗ ಗಂಜಿ ಉಬ್ಬುವುದು ನಿಧಾನ, ಯಾಕೆಂದರೆ ಸಕ್ಕರೆಯೂ ನೀರನ್ನು ಹಿಡಿದುಕೊಳ್ಳುತ್ತದೆ. ಅದಕ್ಕೇ ಈ ಪೈಯ ನಡುಭಾಗ ಸುಮ್ನೆ ಬಿಸಿಯಾದರೆ ಸಾಲದು, ಕೊತಕೊತ ಕುದಿಯಬೇಕು. ಅಂಚು ಕುದಿದು ನಡು ಕುದಿಯದಿದ್ದರೆ, ಫ್ರಿಜ್‌ನಲ್ಲಿ ಎರಡು ದಿನ ಇಟ್ಟರೂ ನಡುವೆ ನೀರೇ.

ಬೇಕಾಗುವ ಸಾಮಾನು

ಪೈಗೆ ಎರಡು ಭಾಗ. ಕೆಳಗಿನ ಹಿಟ್ಟಿನ ಬಟ್ಟಲಿಗೆ ಕ್ರಸ್ಟ್ ಎನ್ನುತ್ತಾರೆ. ಒಳಗೆ ತುಂಬುವುದನ್ನು ನಾವು ಹೂರಣ ಎಂದೇ ಕರೆಯೋಣ.

ಕ್ರಸ್ಟ್‌ಗೆ:
- ಮೈದಾ 160 ಗ್ರಾಂ
- ತಣ್ಣನೆ ಬೆಣ್ಣೆ 100 ಗ್ರಾಂ
- ಉಪ್ಪು ಕಾಲು ಟೀ ಚಮಚ (ಉಪ್ಪಿನ ಬೆಣ್ಣೆ ಆದರೆ ಬೇಡ)
- ಫ್ರಿಜ್‌ನ ತಣ್ಣೀರು 3ರಿಂದ 4 ದೊಡ್ಡ ಚಮಚ

ಹೂರಣಕ್ಕೆ:
- ನೀರು 360 ಮಿ.ಲೀ.
- ಸಕ್ಕರೆ 200 ಗ್ರಾಂ
- ಮೈದಾ 4 ದೊಡ್ಡ ಚಮಚ, ಅಂದರೆ ಸುಮಾರು 32 ಗ್ರಾಂ
- ಬೆಣ್ಣೆ 70 ಗ್ರಾಂ
- ವೆನಿಲಾ ಎಸೆನ್ಸ್ 1 ಟೀ ಚಮಚ
- ಚಿಟಿಕೆ ಉಪ್ಪು (ಉಪ್ಪಿನ ಬೆಣ್ಣೆ ಆದರೆ ಇದೂ ಬೇಡ)

ದೊಡ್ಡ ಚಮಚ ಎಂದರೆ 15 ಮಿ.ಲೀ. ಹಿಡಿಯುವ ಅಳತೆ ಚಮಚ, ಮೇಲೆ ಗುಪ್ಪೆ ಇಲ್ಲದೆ ಮಟ್ಟಸವಾಗಿ. ಮನೆಯಲ್ಲಿ ಊಟ ಮಾಡುವ ಚಮಚ ಒಂದೊಂದು ಒಂದೊಂದು ಗಾತ್ರ, ಅದನ್ನು ನಂಬಬೇಡಿ. ತಕ್ಕಡಿ ಇದ್ದರೆ ತೂಕ ಮಾಡಿ. ಇಷ್ಟು ಕಡಿಮೆ ಸಾಮಾನಿನ ಅಡುಗೆಯಲ್ಲಿ 10 ಗ್ರಾಂ ಮೈದಾ ಆಚೀಚೆ ಆದರೂ ಗೊತ್ತಾಗುತ್ತದೆ. ಹಳೆಯ ಅಳತೆ 4 ಚಮಚ. ಮೊದಲ ಸಲ ಮಾಡುವವರಿಗೆ ನಾನು 5 ಹಾಕಿ ಎನ್ನುತ್ತೇನೆ. ನುಣುಪು ಒಂಚೂರು ಕಡಿಮೆಯಾಗುತ್ತದೆ, ಆದರೆ ಹೆಪ್ಪುಗಟ್ಟುವುದು ಖಂಡಿತ.

ಬೆಣ್ಣೆ ಬಗ್ಗೆ ಜಿಪುಣತನ ಬೇಡ. ಹಾಲಿಲ್ಲ, ಹಣ್ಣಿಲ್ಲ, ಮೊಟ್ಟೆ ಇಲ್ಲ, ಹಾಗಾಗಿ ಇದರ ರುಚಿ ಎಂದರೆ ಬೆಣ್ಣೆಯ ರುಚಿ. ಮಾರ್ಗರಿನ್ ಹಾಕಿದರೆ ಬಾಯಿಗೆ ಮೇಣ ಮೆತ್ತಿದ ಹಾಗಾಗುತ್ತದೆ. ಅಂಗಡಿಯ ಉಪ್ಪಿನ ಬೆಣ್ಣೆ ಚೆನ್ನಾಗಿಯೇ ಹೊಂದುತ್ತದೆ. ಮನೆಯಲ್ಲಿ ಕಡೆದ ಬೆಣ್ಣೆ ಇದ್ದರೆ ಇನ್ನೂ ಒಳ್ಳೆಯದು, ಆದರೆ ಅದರಲ್ಲಿ ಮಜ್ಜಿಗೆ ಉಳಿದಿರುತ್ತದೆ. ಎರಡು ಮೂರು ಸಲ ತಣ್ಣೀರಲ್ಲಿ ತೊಳೆದು, ಹಿಂಡಿ, ಫ್ರಿಜ್‌ನಲ್ಲಿ ಕಲ್ಲಿನ ಹಾಗೆ ಗಟ್ಟಿ ಮಾಡಿಕೊಂಡು ಬಳಸಿ. ಹೂರಣಕ್ಕೆ ತುಪ್ಪ ಬೇಡ. ತುಪ್ಪ ಹೂರಣದೊಳಗೆ ಸೇರದೆ ಮೇಲೆಯೇ ನಿಂತು ಬಿಳಿ ಪದರವಾಗಿ ಹೆಪ್ಪುಗಟ್ಟುತ್ತದೆ.

ಸಕ್ಕರೆ ಬಗ್ಗೆಯೂ ಒಂದು ಮಾತು. ಅಮೆರಿಕದ ಸಕ್ಕರೆ ನಮ್ಮದಕ್ಕಿಂತ ಸಣ್ಣ ಹರಳು. ನಮ್ಮ ದಪ್ಪ ಹರಳನ್ನು ಮೈದಾ ಜೊತೆ ಬೆರೆಸಿದರೆ ಸಕ್ಕರೆ ತಳಕ್ಕೆ ಇಳಿದು, ಮೈದಾ ಮಾತ್ರ ಮೇಲೆ ಉಳಿದು ಗಂಟಾಗುತ್ತದೆ. ಮಿಕ್ಸಿಯಲ್ಲಿ ಎರಡೇ ಸುತ್ತು ತಿರುಗಿಸಿ, ಸಣ್ಣ ರವೆಯ ಹಾಗಾದರೆ ಸಾಕು, ನುಣ್ಣನೆ ಪುಡಿ ಬೇಡ.

ಪಾತ್ರೆ 9 ಇಂಚು ಅಗಲ, ಅಂದರೆ ಸುಮಾರು 23 ಸೆಂ.ಮೀ., ಆಳ ಕನಿಷ್ಠ ಒಂದೂವರೆ ಇಂಚು ಇರಬೇಕು. ಪೈ ತಟ್ಟೆ ಇಲ್ಲದಿದ್ದರೆ ಅಲ್ಯೂಮಿನಿಯಂ ಕೇಕ್ ಪಾತ್ರೆ ಸಾಕು. ತಳ ಕಳಚುವ ಪಾತ್ರೆ ಮಾತ್ರ ಬೇಡ, ಸೋರುತ್ತದೆ. ಮನೆಯ ಓವನ್ ಚಿಕ್ಕದಾದರೆ ಒಳಗಿನ ಅಗಲ ಅಳೆದು ನೋಡಿ, 8 ಇಂಚಿನ ಆಳದ ಕೇಕ್ ಪಾತ್ರೆಯಲ್ಲೂ ಇದೇ ಅಳತೆ ಹಿಡಿಯುತ್ತದೆ. ಅಮೆರಿಕದಲ್ಲಿರುವ ನಮ್ಮವರು ಅಂಗಡಿಯ ಫ್ರೋಜನ್ ಕ್ರಸ್ಟ್ ತರುವುದಾದರೆ 'ಡೀಪ್ ಡಿಶ್' ಎಂದು ಬರೆದಿರುವುದನ್ನೇ ತನ್ನಿ. ಮಾಮೂಲಿಯದು ಆಳ ಸಾಲದೆ ಉಕ್ಕಿ ಓವನ್ ತುಂಬಾ ಹರಿಯುತ್ತದೆ.

ಮಾಡುವ ಕ್ರಮ

1. ಹಿಟ್ಟು ಬೆರೆಸುವುದು

ಒಬ್ಬಟ್ಟಿನ ಕಣಕ ಮಾಡಿ ಅಭ್ಯಾಸ ಇದ್ದವರು ಇಲ್ಲಿ ಸ್ವಲ್ಪ ತಡೆಯಿರಿ. ಕಣಕವನ್ನು ಎಷ್ಟು ನಾದಿದರೆ ಅಷ್ಟು ಒಳ್ಳೆಯದು, ಎಳೆದರೆ ಹಿಗ್ಗಬೇಕು. ಪೈಗೆ ಪೂರ್ತಿ ಉಲ್ಟಾ. ನಾದಿದರೆ ಕೆಟ್ಟಿತು, ಬೇಯುವಾಗ ಕುಗ್ಗುತ್ತದೆ, ತಿನ್ನುವಾಗ ಚರ್ಮದ ಹಾಗೆ ಎಳೆಯಬೇಕಾಗುತ್ತದೆ.

ಮೈದಾ, ಉಪ್ಪು ಅಗಲ ಪಾತ್ರೆಗೆ ಹಾಕಿ. ಫ್ರಿಜ್‌ನಿಂದ ಆಗತಾನೆ ತೆಗೆದ ಬೆಣ್ಣೆಯನ್ನು ಚಿಕ್ಕ ಚಿಕ್ಕ ಚೌಕ ಮಾಡಿ ಅದಕ್ಕೆ ಸೇರಿಸಿ. ಬೆರಳ ತುದಿಯಿಂದ ಮಾತ್ರ ಉಜ್ಜಿ, ಅಂಗೈ ಬಿಸಿ, ಬೆಣ್ಣೆ ಕರಗುತ್ತದೆ. ಒರಟು ರವೆಯ ಹಾಗೆ ಉದುರುದುರಾಗಬೇಕು, ಅಲ್ಲಲ್ಲಿ ಕಡಲೆಬೇಳೆ ಗಾತ್ರದ ಬೆಣ್ಣೆ ತುಣುಕು ಉಳಿಯಬೇಕು. ಅವನ್ನು ಪುಡಿ ಮಾಡಲು ಹೋಗಬೇಡಿ. ಚಿರೋಟಿಗೆ ಪದರದ ನಡುವೆ ಸಾಟಿ ಹಚ್ಚುತ್ತೀರಲ್ಲ, ಇಲ್ಲಿ ಆ ಕೆಲಸ ಮಾಡುವುದು ಈ ತುಣುಕುಗಳೇ. ಅವು ಕರಗಿದ ಜಾಗದಲ್ಲಿ ಪದರ ಬಿಡುತ್ತದೆ.

ಈಗ 3 ದೊಡ್ಡ ಚಮಚ ತಣ್ಣೀರು ಚಿಮುಕಿಸಿ, ಕೈಯಿಂದ ಒತ್ತಿ ಒಟ್ಟು ಮಾಡಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ ನಿಲ್ಲಬೇಕು. ನಿಲ್ಲದಿದ್ದರೆ ಮಾತ್ರ ಇನ್ನೊಂದು ಚಮಚ. ನೀರು ಜಾಸ್ತಿಯಾಗಿ ಅಂಟಿದರೆ ಮೇಲೆ ಮೈದಾ ಉದುರಿಸಿ ಸರಿಮಾಡುವ ಯೋಚನೆ ಬೇಡ, ಕ್ರಸ್ಟ್ ಗಡುಸಾಗುತ್ತದೆ. ಹಾಗೇ ಫ್ರಿಜ್‌ಗೆ ಇಡಿ, ಅರ್ಧ ಸರಿಹೋಗುತ್ತದೆ.

ಚಪ್ಪಟೆ ಬಿಲ್ಲೆ ಮಾಡಿ, ಮುಚ್ಚಿ, ಒಂದು ಗಂಟೆ ಫ್ರಿಜ್‌ನಲ್ಲಿಡಿ. ಕರಾವಳಿಯ ಸೆಖೆಯಲ್ಲಿ, ಇಲ್ಲಾ ಏಪ್ರಿಲ್ ತಿಂಗಳ ಕಲಬುರಗಿ, ರಾಯಚೂರಿನಲ್ಲಿ ಮಾಡುವವರು ಈ ಕೆಲಸವನ್ನು ಬೆಳಗಿನ ಜಾವ ಮುಗಿಸಿಕೊಳ್ಳಿ. ಪಾತ್ರೆಯನ್ನೂ ಮೈದಾವನ್ನೂ ಮೊದಲೇ ಅರ್ಧ ಗಂಟೆ ಫ್ರಿಜ್‌ನಲ್ಲಿ ಇಟ್ಟಿದ್ದರೆ ಕಷ್ಟ ಕಡಿಮೆ.

2. ಲಟ್ಟಿಸಿ ಪಾತ್ರೆಗೆ ಕೂರಿಸುವುದು

ಮಣೆಗೆ ತೆಳ್ಳಗೆ ಮೈದಾ ಉದುರಿಸಿ, ನಡುವಿನಿಂದ ಹೊರಕ್ಕೆ ಲಟ್ಟಿಸಿ. ಚಪಾತಿಗಿಂತ ದಪ್ಪ, ಅಕ್ಕಿ ರೊಟ್ಟಿಯಷ್ಟು. ಪಾತ್ರೆಗಿಂತ ಎರಡು ಮೂರು ಇಂಚು ಅಗಲ ಬೇಕು. ಲಟ್ಟಣಿಗೆಗೆ ಸುತ್ತಿ ಎತ್ತಿ ಪಾತ್ರೆ ಮೇಲೆ ಬಿಚ್ಚಿ. ಮೂಲೆಗೆ ಎಳೆದು ಕೂರಿಸಬೇಡಿ, ಸಡಿಲವಾಗಿ ಇಳಿಬಿಟ್ಟು ಒತ್ತಿ. ಎಳೆದದ್ದು ಬೇಯುವಾಗ ಮತ್ತೆ ಹಿಂದಕ್ಕೆ ಜಗ್ಗಿ ಅಂಚು ತಗ್ಗಾಗುತ್ತದೆ, ಅಲ್ಲಿಂದ ಹೂರಣ ಹೊರಗೆ ಹರಿಯುತ್ತದೆ.

ಉಳಿದ ಅಂಚನ್ನು ಒಳಗೆ ಮಡಚಿ ಎತ್ತರ ಮಾಡಿ, ಕರಿಗಡುಬಿನ ಅಂಚು ಮಡಚುವ ಹಾಗೆ ಸುತ್ತ ಮಡಚಿಕೊಂಡು ಬನ್ನಿ. ಕತ್ತರಿಸಿದ ತುಣುಕು ಎಸೆಯಬೇಡಿ.

ಇಲ್ಲಿ ತುಂಬಾ ಮುಖ್ಯವಾದ ವಿಷಯ. ಬೇರೆ ಪೈಗಳಿಗೆ ತಳದಲ್ಲಿ ಫೋರ್ಕ್‌ನಿಂದ ತೂತು ಚುಚ್ಚುತ್ತಾರೆ, ಖಾಲಿ ಕ್ರಸ್ಟನ್ನು ಮೊದಲೇ ಬೇಯಿಸುತ್ತಾರೆ (ಇದಕ್ಕೆ ಬ್ಲೈಂಡ್ ಬೇಕಿಂಗ್ ಎನ್ನುತ್ತಾರೆ). ಇಲ್ಲಿ ಎರಡೂ ಬೇಡ. ನಾವು ಹಾಕುವುದು ನೀರು. ಸೂಜಿ ಮೊನೆಯಷ್ಟು ತೂತಿದ್ದರೂ ಸಕ್ಕರೆ ನೀರು ಕೆಳಗೆ ಇಳಿದು, ಪಾಕವಾಗಿ, ಕ್ರಸ್ಟನ್ನು ಪಾತ್ರೆಗೆ ಅಂಟು ಹಾಕಿದ ಹಾಗೆ ಹಿಡಿದುಬಿಡುತ್ತದೆ. ಬೆಳಕಿಗೆ ಹಿಡಿದು ನೋಡಿ, ಬಿರುಕು ಕಂಡರೆ ಉಳಿದ ಹಿಟ್ಟಿನ ತುಣುಕಿಗೆ ನೀರು ಸವರಿ ತೇಪೆ ಹಾಕಿ. ಮತ್ತೆ ಅರ್ಧ ಗಂಟೆ ಫ್ರಿಜ್‌ಗೆ.

3. ಓವನ್ ಕಾಯಿಸುವುದು

204 ಡಿಗ್ರಿ ಸೆಲ್ಸಿಯಸ್ ಬೇಕು, ಅದು ಅಮೆರಿಕದ ಲೆಕ್ಕದಲ್ಲಿ 400 ಫ್ಯಾರನ್‌ಹೀಟ್. ನಮ್ಮ ಓಟಿಜಿಯಲ್ಲಿ (ಮನೆಯ ಚಿಕ್ಕ ಕರೆಂಟ್ ಓವನ್) 200ರ ಗೆರೆಯಿಂದ ಒಂಚೂರು ಮುಂದೆ. ಮೇಲೆ ಕೆಳಗೆ ಎರಡೂ ರಾಡ್ ಹಾಕಿ, ಕನಿಷ್ಠ 15 ನಿಮಿಷ ಕಾಯಿಸಿ. ಅಡ್ಡಗಂಬಿ ಕೆಳಗಿನ ಸಾಲಿನಲ್ಲಿ ಇರಲಿ, ಅದರ ಮೇಲೆ ಅಂಚಿರುವ ತಟ್ಟೆಯೊಂದನ್ನು ಇಟ್ಟು ಅದನ್ನೂ ಕಾಯಿಸಿ. ಕಾದ ತಟ್ಟೆಯ ಮೇಲೆ ಪೈ ಕೂತರೆ ತಳದ ಹಿಟ್ಟು ಬೇಗ ಗಟ್ಟಿಯಾಗುತ್ತದೆ, ಉಕ್ಕಿದ್ದೂ ಅದರಲ್ಲೇ ನಿಲ್ಲುತ್ತದೆ.

ಕನ್ವೆಕ್ಷನ್ ಇರುವ ಮೈಕ್ರೋವೇವ್ ಆದರೆ ಕನ್ವೆಕ್ಷನ್ ಮೋಡ್‌ನಲ್ಲಿ ಮಾತ್ರ ಮಾಡಿ. ಲೋಹದ ಪಾತ್ರೆ ಇಡಬಹುದಾ ಎಂದು ಅದರ ಪುಸ್ತಕದಲ್ಲಿ ನೋಡಿಕೊಳ್ಳಿ. ಬರೀ ಮೈಕ್ರೋವೇವ್‌ನಲ್ಲಿ ಇದು ಆಗುವುದಿಲ್ಲ. ಫ್ಯಾನ್ ಜೋರಾಗಿದ್ದರೆ 10ರಿಂದ 15 ಡಿಗ್ರಿ ಇಳಿಸಿ, ಇಲ್ಲದಿದ್ದರೆ ಅಂಚು ಕಪ್ಪಾಗುತ್ತದೆ.

4. ತುಂಬುವುದು

ಫ್ರಿಜ್‌ನಿಂದ ಕ್ರಸ್ಟ್ ತೆಗೆದು 360 ಮಿ.ಲೀ. ನೀರು ಸುರಿಯಿರಿ. ಹೌದು, ಹಸಿ ಹಿಟ್ಟಿನೊಳಗೆ ನೇರವಾಗಿ. ಮೊದಲ ಸಲ ಮಾಡುವಾಗ ಕೈ ತಡೆಯುತ್ತದೆ, ಸುರಿದುಬಿಡಿ. ಹಿಟ್ಟು ತಣ್ಣಗಿದ್ದರೆ, ಅದರಲ್ಲಿ ಬೆಣ್ಣೆ ಇದ್ದರೆ, ಆ ಐದು ನಿಮಿಷದಲ್ಲಿ ಏನೂ ಆಗುವುದಿಲ್ಲ.

ಸಕ್ಕರೆ, ಮೈದಾ, ಚಿಟಿಕೆ ಉಪ್ಪನ್ನು ಬೇರೆ ಬಟ್ಟಲಲ್ಲಿ ಒಣಗಿದ್ದಾಗಲೇ ಚೆನ್ನಾಗಿ ಬೆರೆಸಿರಬೇಕು. ಮೈದಾದ ಪ್ರತಿ ಕಣದ ಸುತ್ತ ಸಕ್ಕರೆ ಇದ್ದರೆ ಗಂಟು ಕಟ್ಟುವುದಿಲ್ಲ. ಅದನ್ನು ನೀರಿನ ಮೇಲೆ ಎಲ್ಲ ಕಡೆ ಸಮನಾಗಿ, ಭಸ್ಮ ಉದುರಿಸಿದ ಹಾಗೆ, ಉದುರಿಸಿ. ಒಂದೇ ಕಡೆ ರಾಶಿ ಹಾಕಬೇಡಿ.

ಕಲಕಬೇಡಿ. ಹಳೆಯ ಕ್ರಮ ಅದೇ. ಚಮಚ ಹಾಕಿ ಕಲಕಿದರೆ ತಳದ ಹಿಟ್ಟು ತೂತಾಗುತ್ತದೆ. ಇಂಡಿಯಾನಾದ ಸಕ್ಕರೆ ಪೈಗೆ ಇದೇ ಭಯಕ್ಕೆ ಬೆರಳಿನಿಂದ ಕಲಕುತ್ತಿದ್ದರು, ಅದಕ್ಕೆ 'ಬೆರಳು ಪೈ' ಎಂಬ ಹೆಸರೂ ಇದೆ. ನೀರಿನ ಪೈಗೆ ಬೆರಳೂ ಬೇಡ, ಕುದಿಯುವಾಗ ತಾನಾಗಿ ಬೆರೆಯುತ್ತದೆ. ಆದರೂ ಗಂಟಿನ ಭಯ ಇದ್ದರೆ ನೀರು, ಸಕ್ಕರೆ, ಮೈದಾವನ್ನು ಹೊರಗೇ ಒಂದು ಪಾತ್ರೆಯಲ್ಲಿ ಗೊಟಾಯಿಸಿ, ಸೋಸಿ, ಆಮೇಲೆ ಸುರಿಯಿರಿ. ಹಾಗೆ ಮಾಡಿದರೂ ತಪ್ಪಿಲ್ಲ. ಉದುರಿಸಿ ಮಾಡಿದಾಗ ಮೇಲೆ ತೆಳ್ಳಗೆ ಕೆನೆಯಂಥ ಪದರ ಬರುತ್ತದೆ, ನನಗೆ ಅದು ಇಷ್ಟ. ಸೋಸಿ ಮಾಡಿದ್ದು ಒಂದೇ ಸಮ ನುಣುಪು.

ಮೇಲೆ ವೆನಿಲಾ ಚಿಮುಕಿಸಿ. ಅಮೆರಿಕದ ಅಳತೆಯಲ್ಲಿ 2 ಟೀ ಚಮಚ ಎಂದಿರುತ್ತದೆ. ನಮ್ಮ ಅಂಗಡಿಯ ಎಸೆನ್ಸ್ ಘಾಟು ಜಾಸ್ತಿ, ಒಂದೇ ಸಾಕು. ಕೊನೆಗೆ ಬೆಣ್ಣೆಯನ್ನು ತೆಳ್ಳನೆ ಬಿಲ್ಲೆ ಮಾಡಿ ಮೇಲೆಲ್ಲ ಹರಡಿ.

5. ಬೇಯಿಸುವುದು

ಪೈ ಪಾತ್ರೆಯನ್ನು ಎರಡು ಕೈಯಲ್ಲಿ ಮಟ್ಟಸವಾಗಿ ಹಿಡಿದು ಒಳಗಿನ ಕಾದ ತಟ್ಟೆ ಮೇಲೆ ಇಡಿ. ತುಳುಕಿದರೆ ಆ ಜಾಗ ಅಂಟಿಕೊಳ್ಳುತ್ತದೆ, ಆದ್ದರಿಂದ ನಿಧಾನ.

204 ಡಿಗ್ರಿಯಲ್ಲಿ 30 ನಿಮಿಷ. ಆಮೇಲೆ 190 ಡಿಗ್ರಿಗೆ ಇಳಿಸಿ, ಅಂಚಿನ ಸುತ್ತ ಅಲ್ಯೂಮಿನಿಯಂ ಫಾಯಿಲ್ ಪಟ್ಟಿ ಮುಚ್ಚಿ, ಮತ್ತೆ 30 ನಿಮಿಷ. ಚಿಕ್ಕ ಓಟಿಜಿಯಲ್ಲಿ ಮೇಲಿನ ರಾಡ್ ತೀರಾ ಹತ್ತಿರ ಇರುವುದರಿಂದ ಅಂಚು 20 ನಿಮಿಷಕ್ಕೇ ಕೆಂಪಾಗಬಹುದು, ಆಗಲೇ ಫಾಯಿಲ್ ಮುಚ್ಚಿ. ಫಾಯಿಲ್ ಮುಚ್ಚುವಾಗ ಪಾತ್ರೆಯನ್ನು ಹೊರಗೆ ಎತ್ತಬೇಡಿ, ಕಂಬಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡು ಮುಚ್ಚಿ. ಒಳಗಿರುವುದು ಕುದಿಯುವ ಸಕ್ಕರೆ ನೀರು, ಕೈಗೆ ಬಿದ್ದರೆ ಅಂಟಿಕೊಂಡು ಸುಡುತ್ತದೆ. ಮಕ್ಕಳನ್ನು ದೂರ ಇಡಿ.

60 ನಿಮಿಷ ಆದ ಮೇಲೆ ಗಡಿಯಾರ ಮರೆತು ಪೈ ನೋಡಿ. ನಡುಭಾಗದಲ್ಲಿ ಗುಳ್ಳೆ ಏಳುತ್ತಿದೆಯಾ? ಅದೂ ತೆಳ್ಳನೆ ನೀರಿನ ಗುಳ್ಳೆ ಅಲ್ಲ, ಪಾಯಸ ದಪ್ಪಗಾದಾಗ ಏಳುವಂಥ ನಿಧಾನದ ದಪ್ಪ ಗುಳ್ಳೆ. ಹಾಗಿದ್ದರೆ ಆಯಿತು. ಅಂಚಲ್ಲಿ ಮಾತ್ರ ಇದ್ದರೆ ಇನ್ನೂ 5 ನಿಮಿಷ, ಬೇಕಾದರೆ ಮತ್ತೆ 5. ಮೇಲೆ ಬೆಣ್ಣೆ ಎಣ್ಣೆಯಂತೆ ತೇಲುತ್ತಿರುತ್ತದೆ. ಅದು ಸಹಜ, ಬಗ್ಗಿಸಿ ಚೆಲ್ಲಬೇಡಿ, ತಣ್ಣಗಾಗುವಾಗ ಬಹುಪಾಲು ಒಳಗೆ ಸೇರಿಕೊಳ್ಳುತ್ತದೆ.

6. ಕಾಯುವುದು

ಅಡುಗೆಮನೆಯಲ್ಲಿ ಗಾಳಿ ಆಡುವ ಕಡೆ, ಕಂಬಿಯ ಸ್ಟ್ಯಾಂಡ್ ಮೇಲೆ, ಮುಚ್ಚದೆ 3 ಗಂಟೆ. ಮುಚ್ಚಿದರೆ ಆವಿ ನೀರಾಗಿ ಮೇಲೆ ತೊಟ್ಟಿಕ್ಕುತ್ತದೆ. ಕೈಗೆ ಬಿಸಿ ತಾಗದಂತಾದ ಮೇಲೆ ಫ್ರಿಜ್‌ನಲ್ಲಿ ಕನಿಷ್ಠ 4 ಗಂಟೆ. ರಾತ್ರಿಯಿಡೀ ಇಟ್ಟರೆ ಇನ್ನೂ ಚೆನ್ನ. ನೆಂಟರು ಬರುವುದಿದ್ದರೆ ಹಿಂದಿನ ದಿನವೇ ಮಾಡಿಡಿ, ಅದೇ ದಿನ ಮಾಡಿ ಬಡಿಸುತ್ತೇನೆ ಎಂದು ಒಪ್ಪಿಕೊಳ್ಳಬೇಡಿ. ನಾನು ಮೊದಲ ಸಲ ಎರಡು ಗಂಟೆಗೇ ಕುಯ್ದೆ, ಹೂರಣ ಪೂರ್ತಿ ತಟ್ಟೆಗೆ ಹರಿಯಿತು. ಅದೇ ಪೈಯ ಉಳಿದ ಅರ್ಧ ಮರುದಿನ ಬೆಳಗ್ಗೆ ನೆಟ್ಟಗೆ ನಿಂತಿತ್ತು.

7. ಕುಯ್ಯುವುದು

ಚಾಕುವನ್ನು ಬಿಸಿ ನೀರಲ್ಲಿ ಅದ್ದಿ, ಒರೆಸಿ, ಕುಯ್ಯಿರಿ. ಮೊದಲ ತುಂಡು ಸಾಮಾನ್ಯವಾಗಿ ಒಡೆಯುತ್ತದೆ, ಅದು ಮಾಡಿದವರ ಪಾಲು. ತಣ್ಣಗೇ ತಿನ್ನಿ, ಮತ್ತೆ ಬಿಸಿ ಮಾಡಿದರೆ ಸಡಿಲವಾಗುತ್ತದೆ. ಮೂರು ದಿನ ಫ್ರಿಜ್‌ನಲ್ಲಿ ಚೆನ್ನಾಗಿರುತ್ತದೆ, ಆದರೆ ದಿನ ಕಳೆದಂತೆ ತಳ ಮೆತ್ತಗಾಗುತ್ತದೆ. ಫ್ರೀಜರ್‌ನಲ್ಲಿ ಇಡಬೇಡಿ, ಕರಗುವಾಗ ನೀರು ಬಿಟ್ಟುಕೊಂಡು ಹೂರಣ ಸ್ಪಂಜಿನ ಹಾಗಾಗುತ್ತದೆ.

ಕೆಟ್ಟರೆ ಎಲ್ಲಿ ಕೆಟ್ಟಿತು?

ರಾತ್ರಿಯಿಡೀ ಇಟ್ಟರೂ ನೀರು: ನಡು ಕುದಿದಿಲ್ಲ, ಇಲ್ಲಾ ಮೈದಾ ಕಡಿಮೆಯಾಗಿದೆ. ಎಸೆಯಬೇಡಿ. ಹೂರಣವನ್ನು ಸೌಟಿನಿಂದ ತೆಗೆದು ಬಾಣಲೆಗೆ ಹಾಕಿ, 1 ದೊಡ್ಡ ಚಮಚ ಕಾರ್ನ್‌ಫ್ಲೋರ್ ಅನ್ನು ತಣ್ಣೀರಲ್ಲಿ ಕದಡಿ ಸೇರಿಸಿ, ಕೈಯಾಡಿಸುತ್ತಾ ದಪ್ಪಗೆ ಕುದಿಸಿ ಮತ್ತೆ ಕ್ರಸ್ಟ್‌ಗೆ ಸುರಿಯಿರಿ. ನೋಡಲು ಅಷ್ಟು ಚೆಂದ ಇರದಿದ್ದರೂ ರುಚಿ ಹೋಗುವುದಿಲ್ಲ.

ತಳ ಹಸಿ ಹಸಿ: ಓವನ್ ಸರಿಯಾಗಿ ಕಾದಿರಲಿಲ್ಲ, ಅಥವಾ ಪೈ ಮೇಲಿನ ಸಾಲಿನಲ್ಲಿತ್ತು. ಗಾಜಿನ ದಪ್ಪ ಪಾತ್ರೆಯೂ ನಿಧಾನ. ಹೊಳೆಯುವ ಸ್ಟೀಲ್‌ಗಿಂತ ಬಣ್ಣ ಮಾಸಿದ ಅಲ್ಯೂಮಿನಿಯಂ ಚೆನ್ನಾಗಿ ಬೇಯಿಸುತ್ತದೆ. ಹಾಗೆಂದು ಬಿಸ್ಕೆಟ್ ಹಾಗೆ ಗರಿಗರಿ ತಳ ನಿರೀಕ್ಷಿಸಬೇಡಿ, ಈ ಪೈಯ ತಳ ಸ್ವಲ್ಪ ಮೆತ್ತಗೇ ಇರುತ್ತದೆ.

ಮೇಲೆ ಬಿಳಿ ಚುಕ್ಕೆ: ಮೈದಾ ಗಂಟು. ಸಕ್ಕರೆ ಪುಡಿ ಮಾಡದೆ ಹಾಕಿದ್ದೀರಿ, ಇಲ್ಲಾ ಒಂದೇ ಕಡೆ ಸುರಿದಿದ್ದೀರಿ.

ತೀರಾ ಸಿಹಿ: ಇದು ಸಿಹಿ ಜಾಸ್ತಿ ಇರುವ ಪೈಯೇ. 200 ಗ್ರಾಂ ಸಕ್ಕರೆಯನ್ನು 160ಕ್ಕೆ ಇಳಿಸಬಹುದು, ಅದಕ್ಕಿಂತ ಕೆಳಗೆ ಹೋದರೆ ಮೈದಾ ಗಂಜಿ ತಿಂದ ಹಾಗಾಗುತ್ತದೆ. ಸಿಹಿ ತಗ್ಗಿಸುವುದಕ್ಕಿಂತ ಚಿಟಿಕೆ ಉಪ್ಪು ಮರೆಯದೆ ಹಾಕುವುದು ಒಳ್ಳೆಯ ದಾರಿ.

ಬದಲಾವಣೆ ಕೇಳುವವರಿಗೆ

ಮೈದಾ ಬದಲು ಗೋಧಿ ಹಿಟ್ಟು ಆಗುತ್ತದಾ? ಕ್ರಸ್ಟ್‌ಗೆ ಅರ್ಧಕ್ಕರ್ಧ ಆಗುತ್ತದೆ. ಹೂರಣಕ್ಕೆ ಬೇಡ, ತವುಡಿನಿಂದ ಮರಳು ಮರಳಾಗುತ್ತದೆ. ಕಾರ್ನ್‌ಫ್ಲೋರ್ ಹಾಕುವುದಾದರೆ ಮೈದಾದ ಅರ್ಧ ಅಳತೆ ಸಾಕು, ಅದರ ಗಟ್ಟಿ ಮಾಡುವ ಶಕ್ತಿ ಹೆಚ್ಚು.

ಬೆಲ್ಲ ಹಾಕಬಹುದಾ ಎಂದು ಬಹಳ ಜನ ಕೇಳುತ್ತಾರೆ. ಹಾಕಬಹುದು. ಕರಗಿಸಿ, ಸೋಸಿ, ಆ ನೀರನ್ನೂ ಸೇರಿಸಿ 360 ಮಿ.ಲೀ. ಲೆಕ್ಕ ಹಿಡಿಯಿರಿ, ಮೈದಾ 6 ಚಮಚ ಮಾಡಿ. ಆದರೆ ಆಗ ಬೆಣ್ಣೆಯ ರುಚಿ ಹಿಂದೆ ಸರಿದು ಬೆಲ್ಲವೇ ಮುಂದೆ ಬರುತ್ತದೆ. ಮೊದಲ ಸಲ ಸಕ್ಕರೆಯಲ್ಲೇ ಮಾಡಿ, ಮೂಲ ರುಚಿ ಏನೆಂದು ನಾಲಿಗೆಗೆ ಗೊತ್ತಾಗಲಿ. ವೆನಿಲಾ ಇಲ್ಲದಿದ್ದರೆ ನಾಲ್ಕು ಏಲಕ್ಕಿ ಪುಡಿ, ಅಥವಾ ಜಾಯಿಕಾಯಿ ಒಂದೆರಡು ಉಜ್ಜು. ಜಾಯಿಕಾಯಿ ಅಮೆರಿಕದ ಹಳೆ ಪೈಗಳಿಗೂ ಹಾಕುವುದೇ. ನಿಂಬೆರಸ ಹಾಕುವುದಾದರೆ 1 ಟೀ ಚಮಚ ಮಾತ್ರ, ಹುಳಿ ಜಾಸ್ತಿಯಾದರೆ ಗಂಜಿ ಸಡಿಲವಾಗುತ್ತದೆ.

ಓವನ್ ಇಲ್ಲದವರು ಕುಕ್ಕರ್‌ನಲ್ಲಿ ಪ್ರಯತ್ನ ಮಾಡಬೇಡಿ. ಕೇಕ್ ಆಗುತ್ತದೆ, ಇದು ಆಗುವುದಿಲ್ಲ, ಮೇಲಿನ ಅಂಚು ಬೇಯುವುದೇ ಇಲ್ಲ. ಬದಲಿಗೆ ಹೀಗೆ ಮಾಡಿ: 200 ಗ್ರಾಂ ಮಾರಿ ಬಿಸ್ಕೆಟ್ ಪುಡಿ, 90 ಗ್ರಾಂ ಕರಗಿಸಿದ ಬೆಣ್ಣೆ ಬೆರೆಸಿ ಪಾತ್ರೆಗೆ ಗಟ್ಟಿಯಾಗಿ ಒತ್ತಿ ಫ್ರಿಜ್‌ನಲ್ಲಿಡಿ. ಹೂರಣವನ್ನು ಒಲೆ ಮೇಲೆ ಮಾಡಿ. ನೀರು 300 ಮಿ.ಲೀ., ಮೈದಾ 6 ಚಮಚ, ಸಕ್ಕರೆ 160 ಗ್ರಾಂ, ತಳ ಹಿಡಿಯದಂತೆ ಕೈಯಾಡಿಸುತ್ತಾ ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ ಪೂರ್ತಿ 3 ನಿಮಿಷ. ಇಳಿಸಿ 70 ಗ್ರಾಂ ಬೆಣ್ಣೆ, ವೆನಿಲಾ ಸೇರಿಸಿ, ಹದ ಬಿಸಿಗೆ ಬಂದ ಮೇಲೆ ಸುರಿಯಿರಿ. ಓವನ್‌ನದ್ದರಷ್ಟು ಆಳದ ರುಚಿ ಬರುವುದಿಲ್ಲ, ಆದರೆ ಹೆಪ್ಪು ಚೆನ್ನಾಗಿ ನಿಲ್ಲುತ್ತದೆ.

ಎಸೆಯಬೇಡಿ ಎಂದಿದ್ದ ಹಿಟ್ಟಿನ ತುಣುಕು ನೆನಪಿದೆಯಲ್ಲ? ಅವನ್ನು ಒಂದರ ಮೇಲೊಂದು ಇಟ್ಟು ಲಟ್ಟಿಸಿ, ಸಕ್ಕರೆ ಮತ್ತು ದಾಲ್ಚಿನ್ನಿ ಪುಡಿ ಉದುರಿಸಿ, ಪಟ್ಟಿ ಪಟ್ಟಿ ಕತ್ತರಿಸಿ. ಪೈ ಹೊರಗೆ ತೆಗೆದ ಮೇಲೆ ಓವನ್ ಆರಿಸುವ ಮೊದಲು 190 ಡಿಗ್ರಿಯಲ್ಲಿ 10ರಿಂದ 12 ನಿಮಿಷ ಬೇಯಿಸಿ. ಪೈ ತಣ್ಣಗಾಗುವವರೆಗೆ ಮಕ್ಕಳು "ಆಯ್ತಾ, ಆಯ್ತಾ" ಎಂದು ಕೇಳುತ್ತಾ ಬರುತ್ತಾರೆ, ಆಗ ಕೈಗೆ ಇದನ್ನು ಕೊಡಿ.